ಹಿಮದಲ್ಲಿ ಕಾದ ಕುರ್ಚಿ

"ಪೀಡೆ ಅಲ್ರಿ, ರಾಜಶೇಖರ. ಎದುರು ಮನಿಯಾಂವ. ನಮ್ಮ ಕುರ್ಚಿ ಕೊಡ್ರಿ."

ತ್ರಿಪುರಸುಂದರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬಾಗಿಲು ಬಡಿದವನು ಇಂಗ್ಲಿಷಿನಲ್ಲಿ ಏನೋ ಒದರಿದ್ದ. ಇವನಿಗೆಲ್ಲಿ ಅರ್ಥವಾಗುತ್ತದೆ ಎಂದುಕೊಂಡು ಅವಳು "ಯಾವುದಪ್ಪಾ ಇದು ಪೀಡೆ" ಎಂದು ಕನ್ನಡದಲ್ಲಿ ಗೊಣಗಿದ್ದಳು. ನ್ಯೂಜೆರ್ಸಿಯಲ್ಲಿ ಸಂಜೆ ಹೊತ್ತು ಬಾಗಿಲು ಬಡಿಯುವವನು ಧಾರವಾಡದವನಾಗಿರುತ್ತಾನೆ ಎಂದು ಯಾರು ತಾನೇ ಎಣಿಸುತ್ತಾರೆ?

ಹಿಮ ಮೆತ್ತಿದ ಬೂಟು. ಕೈಯಲ್ಲಿ ಸಲಿಕೆ. ಸಿಟ್ಟಿಗೋ ಚಳಿಗೋ ಕೆಂಪಾದ ಮೂಗು.

"ಯಾವ ಕುರ್ಚಿ?" ಎಂದಳು.

"ನಿಮ್ಮ ಹಿಂದ ಐತಲ್ಲ, ಅದ."

ಅವಳ ಹಿಂದೆ, ಹೀಟರಿನ ಮುಂದೆ, ನೀಲಿ ಬಣ್ಣ ಕಿತ್ತುಹೋದ ಒಂದು ಮರದ ಕುರ್ಚಿ ನೀರು ತೊಟ್ಟಿಕ್ಕಿಸುತ್ತ ನಿಂತಿತ್ತು. ಅರ್ಧ ಗಂಟೆ ಹಿಂದೆ ಅವಳೇ ರಸ್ತೆಯಿಂದ ಹೊತ್ತು ತಂದಿದ್ದಳು.

ಅವಳ ತಪ್ಪಾದರೂ ಏನು? ಅವಳು ಈ ನ್ಯೂ ಬ್ರನ್ಸ್‌ವಿಕ್ ಊರಿಗೆ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ಯೂನಿವರ್ಸಿಟಿಯ ಊರು. ಬಾಡಿಗೆ ಮನೆಗಳ ಕರಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಮುಗಿಯುತ್ತವೆ, ವಿದ್ಯಾರ್ಥಿಗಳು ಸಾಮಾನನ್ನೆಲ್ಲ ರಸ್ತೆ ಬದಿಗೆ ಒಟ್ಟಿ ಹೊರಟುಬಿಡುತ್ತಾರೆ. ಬೇಕಾದವರು ಬೇಕಾದ್ದನ್ನು ಹೊತ್ತುಕೊಂಡು ಹೋಗಬಹುದು, ಯಾರೂ ಕೇಳುವುದಿಲ್ಲ. ಅವಳ ಮೇಜು, ದೀಪ, ಪುಸ್ತಕದ ಕಪಾಟು ಎಲ್ಲ ಹಾಗೆ ಬಂದವು. ಕುರ್ಚಿ ಮಾತ್ರ ಸಿಕ್ಕಿರಲಿಲ್ಲ. ಏಳು ತಿಂಗಳಿಂದ ಮಂಚದ ಅಂಚಿನಲ್ಲಿ ಕೂತು ಊಟ ಮಾಡುತ್ತಿದ್ದಳು. ಇವತ್ತು ಸಂಜೆ ಲ್ಯಾಬಿನಿಂದ ಬರುವಾಗ ರಸ್ತೆ ತುಂಬ ಹಿಮ, ಕಾರು ನಿಲ್ಲಿಸಲು ಗೇಣು ಜಾಗವಿಲ್ಲ. ಒಂದೇ ಒಂದು ಕಡೆ ನೆಲ ಕಾಣುವಂತೆ ಬಳಿದ ಜಾಗ, ಅದರ ನಡುವೆ ಕುರ್ಚಿ. ದೇವರೇ ಕಣ್ಣು ಬಿಟ್ಟ ಎಂದುಕೊಂಡು ಕುರ್ಚಿ ಎತ್ತಿ, ಕಾರು ನಿಲ್ಲಿಸಿ ಬಂದಿದ್ದಳು.

ಮೇ ತಿಂಗಳ ಕುರ್ಚಿ ಅನಾಥ, ಡಿಸೆಂಬರಿನ ಕುರ್ಚಿ ಕಾವಲುಗಾರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ರಾಜಶೇಖರ ಹೇಳಿದ. ಎರಡು ತಾಸು ಹಿಮ ತೋಡಿದ್ದನಂತೆ, ಚಹಾ ಕುಡಿದು ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರುವುದರಲ್ಲಿ ಕುರ್ಚಿಯೂ ಇಲ್ಲ, ಜಾಗವೂ ಇಲ್ಲ. ಈ ಬೀದಿಯಲ್ಲಿ ಯಾರು ಹಿಮ ತೋಡುತ್ತಾರೋ ಅದು ಕರಗುವ ತನಕ ಜಾಗ ಅವರದ್ದು. ಕುರ್ಚಿ ಇಟ್ಟರೆ ಮುಗಿಯಿತು, ಯಾರೂ ಮುಟ್ಟುವುದಿಲ್ಲ.

"ರಸ್ತೆ ಸರ್ಕಾರದ್ದು," ಎಂದಳು ತ್ರಿಪುರಸುಂದರಿ. ಅವಮಾನವಾದಾಗ ಜಗಳಕ್ಕೆ ನಿಲ್ಲುವುದು ಅವಳ ಹುಟ್ಟುಗುಣ.

"ರಸ್ತೆ ಸರ್ಕಾರದ್ದು. ಬೆನ್ನು ನಂದು."

ಅವಳು ಕುರ್ಚಿ ತಂದು ಕೊಟ್ಟಳು. ಅವನು ಕೂಡಲೇ ಹೋಗಲಿಲ್ಲ. ಕುರ್ಚಿಯನ್ನು ಬೋರಲು ಹಾಕಿ ಅಡಿಯ ನೀರನ್ನು ತೋಳಿನಿಂದ ಒರೆಸಿದ, ನಾಲ್ಕೂ ಕಾಲುಗಳನ್ನು ಒಂದೊಂದಾಗಿ ತಡವಿ ನೋಡಿದ. 'ಬರಿಯ ಒಂದು ಮರದ ಕುರ್ಚಿಗೆ ಇಷ್ಟು ಉಪಚಾರವೇ...' ಎಂದುಕೊಂಡಳು. ಅವಳ ಸಿಟ್ಟು ಯಾಕೋ ತಣ್ಣಗಾಯಿತು.

"ಕಾರು ತೆಗೀತೀನಿ, ತಾಳಿ."

"ತೆಗೆದು ಎಲ್ಲಿ ಇಡ್ತೀರಿ? ಇರ್ಲಿ ಬಿಡ್ರಿ. ಸ್ನೋ ಕರಗೂ ತನಕ ನಿಮ್ದ."

ಅಷ್ಟು ಹೇಳಿ, ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಇಳಿದು ಹೋದ.

*

ಮೂವತ್ತೇಳರ ಹೆಂಗಸು ಮತ್ತೆ ಯಾರಿಗಾಗಿಯೋ ಕಿಟಕಿ ಇಣುಕುವುದೇ? ತ್ರಿಪುರಸುಂದರಿ ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡೂ ಇಣುಕಿದಳು.

ರಾಜಶೇಖರನ ಕೆಲಸ ಯೂನಿವರ್ಸಿಟಿಯ ಹವಾಮಾನ ವಿಭಾಗದಲ್ಲಿ. ಎಷ್ಟು ಹಿಮ ಬಿತ್ತು, ಎಷ್ಟು ಮಳೆ ಸುರಿಯಿತು, ರಾರಿಟನ್ ನದಿ ಎಷ್ಟು ಏರಿತು ಎಂದು ಅಳೆದು ಬರೆಯುವುದು. ಮಾತು ಕಡಿಮೆ, ಆಡಿದರೆ ಊರಿನದೇ ಮಾತು. ಈ ಊರು ಪೂರ್ತಿ ಇಳಿಜಾರು, ಮೇಲೆ ಕಾಲೇಜು, ಆಸ್ಪತ್ರೆಗಳು, ರೈಲು ನಿಲ್ದಾಣ, ಕೆಳಗೆ ನದಿ. ಸಮುದ್ರ ಉಬ್ಬಿದರೆ ಇಲ್ಲಿಯ ತನಕ ಹೊಳೆ ಹಿಮ್ಮುಖ ಹರಿಯುತ್ತದೆ, ದಂಡೆಯ ರಸ್ತೆ ಮುಳುಗುತ್ತದೆ. ಜೋರು ಮಳೆಯ ದಿನ ಆ ದಾರಿಯಲ್ಲಿ ಡ್ರೈವ್ ಮಾಡಬೇಡಿ ಎಂದು ಅವಳಿಗೆ ಹೇಳಿಕೊಟ್ಟ. ಒಂದು ಸಲಿಕೆಯನ್ನೂ ತಂದುಕೊಟ್ಟ. ಪ್ರೀತಿಯ ಮಾತಾಡಲು ಬಾರದ ಗಂಡಸು ಹವಾಮಾನದ ಮಾತಾಡುತ್ತಾನೆ. ಕೇಳುವವಳಿಗೆ ಅದು ಅರ್ಥವಾಗುತ್ತದೆ.

ವಿದ್ಯಾರ್ಥಿಗಳು ರಜಕ್ಕೆ ಹೋಗಿ ಊರು ಬಿಕೋ ಎನ್ನುತ್ತಿತ್ತು. ನಾಲ್ಕೂವರೆಗೇ ಕತ್ತಲು, ತಿಂಗಳುಗಟ್ಟಲೆ ಬೂದಿ ಬಣ್ಣದ ಆಕಾಶ. ಆ ಇಡೀ ಬೀದಿಯಲ್ಲಿ ದೀಪ ಉರಿಯುತ್ತಿದ್ದದ್ದು ಎರಡೇ ಮನೆಗಳಲ್ಲಿ. ಅವನ ಹೆಂಡತಿ ಮಾನಸಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಇದು ಮೂರನೆಯ ಚಳಿಗಾಲ ಎಂದು ಅವಳಿಗೆ ಗೊತ್ತಾಯಿತು. ಅವನಾಗಿಯೇ ಹೇಳಿದ, ಒಂದೇ ವಾಕ್ಯದಲ್ಲಿ. ಅವಳು ತನ್ನ ಕಥೆ ಹೇಳಲಿಲ್ಲ.

ಹೇಳುವುದೇನು? ಮದುವೆಯಾಗಿ ಏಳು ವರ್ಷ ಸೀಕಾಕಸ್‌ನ ಒಂದು ಫ್ಲಾಟಿನಲ್ಲಿ ಕಶ್ಯಪ್ ಎನ್ನುವವನ ಜೊತೆ ಇದ್ದಳು. ಅವನು ಬೇರೊಬ್ಬಳನ್ನು ಪ್ರೀತಿಸಿ, ಅಪ್ಪ ಅಮ್ಮನಿಗೆ ಹೆದರಿ ಇವಳಿಗೆ ತಾಳಿ ಕಟ್ಟಿದ್ದ. ಹೊಡೆಯಲಿಲ್ಲ, ಬಯ್ಯಲಿಲ್ಲ. ಆದರೆ ಅವಳು ಸೋಫಾದಲ್ಲಿ ಕೂತರೂ, ಊಟಕ್ಕೆ ಕೂತರೂ, ಇಲ್ಲಿ ಇನ್ನೊಬ್ಬಳು ಇರಬೇಕಿತ್ತು ಎಂಬಂತೆ ನೋಡುತ್ತಿದ್ದ. ಹೇಡಿ. ಆ ನೋಟ ತಿಂದು ತಿಂದು ಅವಳು ಸವೆದುಹೋಗಿದ್ದಳು. ವಿಚ್ಛೇದನದ ದಿನ ಒಂದೇ ಶಪಥ ಮಾಡಿದ್ದಳು: 'ಇನ್ನೊಬ್ಬಳ ಜಾಗದಲ್ಲಿ ಮತ್ತೆಂದೂ ಕೂರುವುದಿಲ್ಲ.'

*

ಜನವರಿಯ ಕೊನೆಗೆ ಅವಳ ಔಷಧ ಕಂಪನಿ ಸುದ್ದಿ ಹೊರಗೆ ಬಿಟ್ಟಿತು. ಬೇಸಿಗೆಯ ಹೊತ್ತಿಗೆ ಲ್ಯಾಬ್ ನಾರ್ತ್ ಕೆರೊಲಿನಾಕ್ಕೆ ಹೋಗುತ್ತದೆ. ಜೊತೆಗೆ ಬರುವವರು ಮಾರ್ಚ್ ಹದಿನೈದರೊಳಗೆ ಸಹಿ ಹಾಕಿ ಕೊಡಬೇಕು. ಅದೇ ವಾರ ಮನೆ ಮಾಲೀಕನ ಕಾಗದವೂ ಬಂತು: ಜೂನ್ ಒಂದರಿಂದ ಇನ್ನೊಂದು ವರ್ಷ ಇರುತ್ತೀರಾ? ಯೂನಿವರ್ಸಿಟಿ ಊರಿನಲ್ಲಿ ಇದನ್ನೆಲ್ಲ ಚಳಿಗಾಲದಲ್ಲೇ ಕೇಳಿಬಿಡುತ್ತಾರೆ.

ಎರಡೂ ಕಾಗದಗಳನ್ನು ಫ್ರಿಜ್ಜಿನ ಮೇಲೆ ಒಂದೇ ಮ್ಯಾಗ್ನೆಟ್ಟಿನ ಅಡಿ ಸಿಕ್ಕಿಸಿದಳು. ಒಂದಕ್ಕೆ ಸಹಿ ಹಾಕಿದರೆ ಇನ್ನೊಂದು ಕಸದ ಬುಟ್ಟಿಗೆ. ಈ ಊರಿನಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಬಹುದಿತ್ತು... ಉಳಿಯಲು ಕಾರಣವೊಂದಿದ್ದರೆ.

ಫೆಬ್ರವರಿಯಲ್ಲಿ ಮತ್ತೆ ಹಿಮ ಬಿತ್ತು. ಬೆಳಿಗ್ಗೆ ನೋಡಿದರೆ ರಾಜಶೇಖರ ಎರಡು ಜಾಗ ತೋಡಿದ್ದ. ಒಂದರಲ್ಲಿ ಅವನ ಕಾರು, ಇನ್ನೊಂದರಲ್ಲಿ ನೀಲಿ ಕುರ್ಚಿ. ಸಂಜೆ ಬಂದಾಗ ಕುರ್ಚಿ ಎತ್ತಿ ನಮ್ಮ ವರಾಂಡದಲ್ಲಿಡಿ, ಕಾರು ನಿಲ್ಲಿಸಿ ಎಂದ. ಅವಳ ಎದೆ ಹಗುರವಾಯಿತು. ಅವತ್ತು ಮಾಲೀಕನ ಕಾಗದವನ್ನು ಕೈಗೆತ್ತಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ನಾಳೆ ನೋಡೋಣ ಎಂದು ಮತ್ತೆ ಮುಚ್ಚಿದಳು.

ನಾಳೆ ಎನ್ನುವುದು ಶನಿವಾರವಾಗಿತ್ತು. ಮಾನ್ಮತ್ ಜಂಕ್ಷನ್ನಿನಿಂದ ಮಾನಸಿಯ ಅಕ್ಕ ಕಲಾ ತಂಗಿಯ ಗಂಡನನ್ನು ನೋಡಲು ಬಂದಿದ್ದಳು. ತ್ರಿಪುರಸುಂದರಿ ರಸ್ತೆಗೆ ಇಳಿದಾಗ ಆಕೆ ವರಾಂಡದಲ್ಲಿದ್ದ ಕುರ್ಚಿಯನ್ನು ಹಿಡಿದುಕೊಂಡು ಅಳುತ್ತಿದ್ದಳು. ಇವಳು ಕನ್ನಡದವಳೆಂದು ತಿಳಿದ ಮೇಲೆ ಕೈಹಿಡಿದು ಹೇಳಿಕೊಂಡಳು. ತಂಗಿ ಕೀಮೋ ಮುಗಿಸಿ ಆಸ್ಪತ್ರೆಯಿಂದ ಬಂದರೆ ಹತ್ತು ಹೆಜ್ಜೆ ನಡೆಯಲಾರದವಳು. ಅದಕ್ಕೇ ರಾಜಶೇಖರ ಮನೆಯ ಮುಂದೆಯೇ ಅವಳ ಕಾರಿಗೆ ಜಾಗ ತೋಡಿ ಈ ಕುರ್ಚಿ ಇಡುತ್ತಿದ್ದ. ಕಾರಿಳಿದವಳು ಇದರ ಮೇಲೆ ಐದು ನಿಮಿಷ ಕೂತು, ಆಮೇಲೆ ಮೆಟ್ಟಿಲು ಹತ್ತುತ್ತಿದ್ದಳು.

"ಅವಳು ಹೋಗಿ ಇಷ್ಟು ದಿನ ಆಯ್ತು. ನೋಡಿ, ಇವತ್ತಿಗೂ ಎರಡು ಜಾಗ ತೋಡ್ತಾನೆ. ಅವಳ ಜಾಗ ಅವಳಿಗೇ ಇಟ್ಟಿದ್ದಾನೆ."

ತ್ರಿಪುರಸುಂದರಿ ತಲೆಯಾಡಿಸಿದಳು. ಅವಳ ಬೂದು ಬಣ್ಣದ ಕಾರು ಆ ಜಾಗದಲ್ಲೇ ನಿಂತಿತ್ತು.

'ಮತ್ತೆ ಬಂದು ಕೂತೆಯಲ್ಲೇ... ಮತ್ತೆ ಇನ್ನೊಬ್ಬಳ ಜಾಗಕ್ಕೇ ಬಂದು ಕೂತೆಯಲ್ಲೇ...'

ಅವತ್ತೇ ಕಾರು ತೆಗೆದು ಗುಡ್ಡದ ಮೇಲಿನ ಪಾರ್ಕಿಂಗ್ ಕಟ್ಟಡದಲ್ಲಿಟ್ಟು, ಮಂಜುಗಡ್ಡೆಯ ಮೇಲೆ ಜಾರುತ್ತ ನಡೆದು ಬಂದಳು. ಮಂಡಿ ನೋವಿನವಳು, ಮರುದಿನವೂ ಹಾಗೇ ನಡೆದಳು. ಮೂರನೆಯ ದಿನ ಅವನು ದಾರಿಗೆ ಅಡ್ಡ ನಿಂತು ಯಾಕೆಂದು ಕೇಳಿದ.

"ಸತ್ತವರ ಜಾಗದಲ್ಲಿ ನಾನು ಗಾಡಿ ನಿಲ್ಲಿಸಲ್ಲ," ಎಂದುಬಿಟ್ಟಳು.

ಅವನ ಮುಖ ಬಿಳಿಚಿಕೊಂಡಿತು. ತಿರುಗಿ ಒಳಗೆ ಹೋದ. ಇಂಥ ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು? ಮರುದಿನ ಮಳೆ ಸುರಿಯಿತು. ಹಿಮ ಕರಗಿ ಕೆಸರಾಗಿ ಹೊಳೆಗೆ ಹೋಯಿತು. ಮೂರು ವಾರ ಎದುರುಬದುರು ಮನೆಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರ್ಚ್ ಹದಿಮೂರರ ಬೆಳಿಗ್ಗೆ ಅವಳು ನಾರ್ತ್ ಕೆರೊಲಿನಾದ ಕಾಗದಕ್ಕೆ ಸಹಿ ಹಾಕಿ ಚೀಲದಲ್ಲಿಟ್ಟುಕೊಂಡಳು. ಕೊಡಬೇಕಾದ ಮ್ಯಾನೇಜರ್ ಅವತ್ತು ಹೊಬೋಕನ್ನಿನಿಂದ ಬರಲೇ ಇಲ್ಲ. ಈಶಾನ್ಯದ ಬಿರುಗಾಳಿ ಬರುತ್ತದೆಂದು ರೈಲುಗಳನ್ನು ನಿಲ್ಲಿಸಿದ್ದರು. ನಾಳೆ ಕೊಡೋಣ ಎಂದುಕೊಂಡಳು.

*

ವಾಪಸು ಬರುವಾಗ ಅರ್ಧ ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ಹೊಳೆದಂಡೆಯ ರಸ್ತೆ ಮುಳುಗಿತ್ತು. ಅವಳು ಮೊದಲೇ ಮೇಲಿನ ದಾರಿ ಹಿಡಿದಿದ್ದಳು. ಹೇಳಿಕೊಟ್ಟವನ ನೆನಪಾಗಿ ಕಣ್ಣು ಮಂಜಾಯಿತು.

ತನ್ನ ಬೀದಿಗೆ ತಿರುಗಿದಾಗ ಸಂಜೆಯ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಎರಡೂ ಬದಿ ಕಾರುಗಳು ಹಿಮದ ದಿಬ್ಬಗಳಾಗಿದ್ದವು. ರಾಜಶೇಖರನ ಕಾರೂ ಹೂತುಹೋಗಿತ್ತು, ಬಾಗಿಲ ಹಿಡಿ ಸಹ ಕಾಣುತ್ತಿರಲಿಲ್ಲ. ಇಡೀ ಬೀದಿಯಲ್ಲಿ ತೋಡಿದ್ದು ಒಂದೇ ಜಾಗ, ಅವಳ ಬಾಗಿಲ ಮುಂದೆ.

ಅದರ ನಡುವೆ ನೀಲಿ ಕುರ್ಚಿ. ಕುರ್ಚಿಯ ಮೇಲೆ ಅವನು.

ಟೋಪಿ, ಹೆಗಲು, ಮಂಡಿ ಎಲ್ಲದರ ಮೇಲೂ ಹಿಮ ಕೂತಿತ್ತು. ಅವಳು ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿದಳು.

"ಏಳ್ರೀ ಮೇಲೆ. ಹುಚ್ಚು ಹಿಡಿದಿದೆಯಾ ನಿಮಗೆ?"

"ಬರೇ ಕುರ್ಚಿ ಇಟ್ರ ನೀವು ನಿಲ್ಸೂದಿಲ್ಲ. ಅದಕ್ಕ ನಾನ ಕುಂತೆ." ಚಳಿಗೆ ಅವನ ಮಾತು ತೊದಲುತ್ತಿತ್ತು.

"ಈ ಕುರ್ಚಿ ಇಟ್ಟ ಜಾಗ ಮಾನಸಿ ಅವರದ್ದು. ಕಲಾ ಅವರು ಎಲ್ಲಾ ಹೇಳಿದ್ದಾರೆ."

"ಕಲಾಗ ಏನೂ ಗೊತ್ತಿಲ್ರಿ."

ಆಮೇಲೆ ಅವನು ಹೇಳಿದ, ತಡೆದು ತಡೆದು, ನೆಲ ನೋಡುತ್ತ. ಮಾನಸಿ ಹೋದ ಮೇಲಿನ ಎರಡು ಚಳಿಗಾಲ ಅವನು ಎರಡು ಜಾಗವಿರಲಿ, ಒಂದನ್ನೂ ತೋಡಿರಲಿಲ್ಲ. ಊರ ಹಿಮವನ್ನೆಲ್ಲ ಅಳೆದು ಬರೆಯುವವನು ಮನೆ ಮುಂದಿನ ಹಿಮವನ್ನು ಮುಟ್ಟಲಿಲ್ಲ. ಹಿಮ ಕರಗಿ ಕಾರು ತಾನಾಗಿ ಹೊರಬರುವ ತನಕ ನಡೆದೇ ಕೆಲಸಕ್ಕೆ ಹೋಗುತ್ತಿದ್ದ. ಕುರ್ಚಿ ಬೇಸ್‌ಮೆಂಟಿನಲ್ಲಿ ಗೋಡೆಗೆ ಮುಖ ಮಾಡಿತ್ತು. ಈ ಡಿಸೆಂಬರಿನಲ್ಲಿ, ಎಷ್ಟು ದಿನ ಹೀಗೆ ಸಾಯುವುದು ಎನ್ನಿಸಿ, ಮೊದಲ ಸಲ ಹೊರಗೆ ತಂದಿದ್ದ.

"ಹೊರಗ ತಂದು ಒಂದು ತಾಸು ಆಗಿಲ್ಲ, ನೀವು ಹೊತ್ತಕೊಂಡು ಹೋದ್ರಿ. ಕೇಳಾಕ ಬಂದೆ. ಅದು ನಿಮ್ಮ ಹೀಟರ್ ಮುಂದ ಕುಂತಿತ್ತು. ಬೇಸ್‌ಮೆಂಟಿನಾಗ ಇದ್ದದ್ದಕ್ಕಿಂತ ಅಲ್ಲೇ ಚಂದ ಕಂಡ್ತು ನನಗ."

ಅವಳು ಅವನ ಕೆಳಗಿನ ಕುರ್ಚಿಯನ್ನೇ ನೋಡಿದಳು.

"ಎರಡ್ನೇ ಜಾಗ ತೋಡಿದ್ದು ಅದಾದ ಮ್ಯಾಲೆ. ಕಲಾ ನೋಡಿದ್ಲು, ತಂಗೀಗೆ ಅಂದ್ಕೊಂಡು ಅತ್ಲು. ಅಳೂ ಮುಂದ ಹ್ಯಾಂಗ ಹೇಳ್ಲಿ, ಇದು ಬ್ಯಾರೆಯವ್ರಿಗೆ ಅಂತ?"

"ನನಗಾದರೂ ಹೇಳಬಹುದಿತ್ತಲ್ಲ..."

"ನೀವು ಅಂಥಾ ಮಾತು ಆಡಿದ್ರಿ. ಸಿಟ್ಟು ಬಂತು. ಸಿಟ್ಟು ಇಳಿಯೂದ್ರಾಗ ಸ್ನೋ ಕರಗಿತ್ತು."

ತಪ್ಪಾಯಿತು ಎಂದಳು. ಹಿಮದಲ್ಲಿ ನಿಂತುಕೊಂಡೇ ಕಶ್ಯಪನ ಕಥೆಯನ್ನೂ ಹೇಳಿದಳು. ಯಾರಿಗೂ ಹೇಳದ ಏಳು ವರ್ಷಗಳು ಏಳು ವಾಕ್ಯಗಳಲ್ಲಿ ಮುಗಿದವು. ಅವನು ಕುರ್ಚಿಯಿಂದ ಎದ್ದ.

"ಆಕೀನ್ನ ಮರೀತೀನಿ ಅಂತ ನಾ ಹೇಳಂಗಿಲ್ಲ. ಸುಳ್ಳಾಕ್ಕೈತಿ. ಕುರ್ಚಿ ಆಕೀದು, ಖರೆ. ಈ ಜಾಗ ಮಾತ್ರ ನಿಮಗಂತ ತೋಡಿದ್ದು."

"ನನ್ನ ಚೀಲದಲ್ಲಿ ನಾರ್ತ್ ಕೆರೊಲಿನಾದ ಕಾಗದ ಇದೆ. ಸಹಿ ಹಾಕಿದ್ದೀನಿ. ನಾಳೆ ಕೊಡಬೇಕು."

ಅವನು ಟೋಪಿ ತೆಗೆದು ಹಿಮ ಕೊಡವಿದ.

"ಚಲೋ ಊರು. ಅಲ್ಲಿ ಇಷ್ಟು ಸ್ನೋ ಇಲ್ಲ. ನಿಮ್ಮ ಮಂಡೀಗೆ ಚಲೋ," ಎಂದ. ಟೋಪಿಯನ್ನು ಮತ್ತೆ ಹಾಕಿಕೊಂಡ. "ಹೋಗಬ್ಯಾಡ್ರಿ."

ಇಷ್ಟು ಕೇಳಲು ಅವಳು ಎಷ್ಟು ವರ್ಷ ಕಾದಿದ್ದಳೋ. ಅವಳು ಹೋಗಲಿ ಎಂದೇ ಕಶ್ಯಪ್ ಏಳು ವರ್ಷ ಕಾದಿದ್ದ. ಇರು ಎಂದವರು ಯಾರೂ ಇರಲಿಲ್ಲ.

"ಈ ಜಾಗ ಎಲ್ಲೀ ತನಕ ನನ್ನದು? ಸ್ನೋ ಕರಗೋ ತನಕಾನಾ?" ಎಂದಳು, ಅಳು ನುಂಗಿಕೊಂಡು.

"ನಾಳೆ ಮಧ್ಯಾಹ್ನ ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ಆಕ್ಕೈತಿ, ಸ್ನೋ ಕರಗತೈತಿ, ನಾಡಿದ್ದು ಮಳಿ. ಜಾಗ ಉಳಿಯೂದಿಲ್ಲ." ಅವನು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. "ಇದು ಉಳೀತೈತಿ. ಒಳಗ ತಗೊಂಡು ಹೋಗ್ರಿ."

ತ್ರಿಪುರಸುಂದರಿ ಕುರ್ಚಿಯನ್ನು ಎತ್ತಿಕೊಂಡಳು. ಯಾರದ್ದೆಂದು ಗೊತ್ತಿದ್ದು ಎತ್ತಿಕೊಂಡಿದ್ದರಿಂದಲೋ ಏನೋ, ಈ ಸಲ ಅದು ಭಾರವಾಗಿತ್ತು. ಅಡಿಯ ನೀರನ್ನು ತನ್ನ ಕೋಟಿನ ತೋಳಿನಿಂದ ಒರೆಸಿದಳು.

"ಈ ಸಲ ವಾಪಸ್ ಕೇಳೋಕೆ ಬರಬೇಡಿ."

"ಕೇಳಾಕ ಬರೂದಿಲ್ಲ. ಕುಂದ್ರಾಕ ಬರ್ತೀನಿ."

"ನನ್ನ ಮನೇಲಿ ಇರೋದು ಇದೊಂದೇ ಕುರ್ಚಿ."

"ಮೇ ತಿಂಗಳಾಗ ರಸ್ತೆ ಮ್ಯಾಲೆ ಇನ್ನೊಂದು ಸಿಗತೈತಿ, ಹುಡುಕೋಣಂತ," ಎಂದ ರಾಜಶೇಖರ. ಮತ್ತೆ, ಅಳತೆಪಟ್ಟಿ ನೋಡುವವನಂತೆ ಅವಳ ಮುಖವನ್ನೇ ನೋಡುತ್ತ ಕೇಳಿದ, "ಮೇ ತನಕ ಇರ್ತೀರಲ್ಲ?"

ಅವಳು ಕುರ್ಚಿಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಿಂದ ಚೀಲದ ಕಾಗದ ತೆಗೆದು ಅವನ ಒದ್ದೆ ಅಂಗೈಯಲ್ಲಿಟ್ಟಳು.

"ಜೂನ್ ಒಂದಕ್ಕೆ ನನ್ನ ಮನೆ ಕರಾರು ಹೊಸದಾಗುತ್ತೆ," ಎಂದಳು. "ಇರ್ತೀನಿ."