ಏಳು ಎಮ್ಮೆಗಳ ಗಂಟೆ

ಬುಧವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಎಮ್ಮೆ ಸಾಕುವ ಹೆಂಗಸೊಬ್ಬರು ಠಾಣೆಗೆ ಬಂದರು. ಸಂರಕ್ಷಿತ ಜೌಗಿನಲ್ಲಿ ಮೇಯುವ ತಮ್ಮ ಏಳು ಎಮ್ಮೆಗಳ ಕೊರಳಗಂಟೆಗಳು ಕಳುವಾಗಿವೆ ಎಂಬುದು ಅವರ ದೂರು. ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಮರದಡಿ ಒಂದು ಗಳಿಗೆ ಕಣ್ಣು ಮುಚ್ಚಿದ್ದರಂತೆ. ಜೊಂಡಿನೊಳಗೆ ಎಮ್ಮೆ ಎಲ್ಲಿದೆ ಎಂದು ತಿಳಿಯುವುದೇ ಗಂಟೆಯಿಂದ. ಹೋದ ವರ್ಷ ಕೆಸರಲ್ಲಿ ಹೂತಿದ್ದ ಕರು ಬದುಕಿದ್ದೂ ಗಂಟೆ ಕೇಳಿಸಿದ್ದರಿಂದ. ಇನ್ಸ್‌ಪೆಕ್ಟರ್ ಅವರಿಗೆ ಕುರ್ಚಿ ಎಳೆದುಕೊಟ್ಟು ಎಫ್‌ಐಆರ್ ದಾಖಲಿಸಿದರು.

ಹತ್ತು ನಲವತ್ತಕ್ಕೆ ಸ್ಥಳ ಪಂಚನಾಮೆ. ಕೊರಳಪಟ್ಟಿ ನೋಡಲು ಹೋದ ಪೇದೆಯನ್ನು ಹಿರಿಯ ಎಮ್ಮೆ ಒಂದೇ ಸಲ ನೂಕಿ ಕೆಸರಲ್ಲಿ ಕೂರಿಸಿತು. ಹೆಂಗಸು ತಮ್ಮ ಹೆಗಲ ಬಟ್ಟೆಯಿಂದಲೇ ಅವನ ಟೋಪಿ ಒರೆಸಿಕೊಟ್ಟರು.

“ಇವು ಯಾರನ್ನ ಹತ್ತಿರ ಬಿಡುತ್ತವೆ?” ಎಂದರು ಇನ್ಸ್‌ಪೆಕ್ಟರ್.

“ನನ್ನನ್ನ. ಬಿಟ್ರೆ ನನ್ನ ತಮ್ಮನ್ನ. ಅವನು ಈ ಜೌಗಿನ ಕಾವಲುಗಾರ ಸಾರ್, ಕಳ್ಳ ಅಲ್ಲ.”

ಅಷ್ಟರಲ್ಲಿ ಪೇದೆ ಕೂತಲ್ಲಿಂದಲೇ ಒಂದು ಸಂಗತಿ ತೋರಿಸಿದ. ಆಳವಾದ ಕೆಸರಿನ ಅಂಚಿಗೆ ಹೊಸ ಗೂಟಗಳ ಬೇಲಿ. ಗೂಟಕ್ಕೊಂದರಂತೆ ನೀಲಿ ಪಟ್ಟೆಯ ಬಟ್ಟೆಚೂರು. ಯಾರೋ ಎಮ್ಮೆಗಳನ್ನು ಕೆಸರಿನಿಂದ ತಡೆಯಲೆಂದೇ ನೆಟ್ಟಿದ್ದರು.

“ಮೊನ್ನೆ ಇದು ಇರಲಿಲ್ಲ,” ಎಂದ ಹೆಂಗಸಿನ ದನಿ ಇಳಿಯಿತು. “ಈ ಬಟ್ಟೆ ನನ್ನ ತಮ್ಮನ ಅಂಗಿದು. ನಾನೇ ಹೊಲಿದುಕೊಟ್ಟಿದ್ದು.”

ಹನ್ನೆರಡೂ ಕಾಲಿಗೆ ಕಾವಲು ಕೋಣೆಯ ಮಂಚದಡಿ ಏಳೂ ಗಂಟೆ ಸಿಕ್ಕವು. ಸದ್ದಾಗದಂತೆ ಒಂದೊಂದಕ್ಕೂ ಅದೇ ನೀಲಿ ಪಟ್ಟೆಯ ಬಟ್ಟೆ ಸುತ್ತಿತ್ತು. ತಮ್ಮ ಮುಚ್ಚಿಡಲಿಲ್ಲ. ಕಿಟಕಿಯ ಬಳಿ ಕರೆದು ದುರ್ಬೀನು ಕೊಟ್ಟ. ಉತ್ತರದ ಜೊಂಡಿನಲ್ಲಿ ಕೊಕ್ಕರೆಯೊಂದು ಕಾವಿಗೆ ಕೂತಿತ್ತು. ಒಂಬತ್ತು ವರ್ಷದ ಮೇಲೆ ಇಲ್ಲಿ ಕಟ್ಟಿದ ಮೊದಲ ಗೂಡು ಅದು. ಗಂಟೆ ಸದ್ದಿಗೆ ಹಕ್ಕಿ ಎದ್ದಾಗಲೆಲ್ಲ ಕಾಗೆಗಳು ನುಗ್ಗಿ, ಮೂರರಲ್ಲಿ ಎರಡು ಮೊಟ್ಟೆ ಹೋಗಿದ್ದವು.

“ನನಗೊಂದು ಮಾತು ಹೇಳಬಾರದಿತ್ತೇನೋ?”

“ನಿನಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ ಅಕ್ಕ. ಸಂಜೆಯೊಳಗೆ ಜನ ಕ್ಯಾಮೆರಾ ಹಿಡ್ಕೊಂಡು ಬಂದುಬಿಡೋರು.”

ಅಕ್ಕ ಇಲ್ಲವೆನ್ನಲಿಲ್ಲ. ಪೇದೆ ತನ್ನ ಒದ್ದೆ ಟೋಪಿಯನ್ನು ಬಹಳ ಗಮನವಿಟ್ಟು ನೋಡತೊಡಗಿದ.

ಹನ್ನೆರಡು ಐವತ್ತಕ್ಕೆ ಬಂಧನ. ಜಾಮೀನಿಗೆ ಅಕ್ಕನೇ ಸಹಿ ಹಾಕಿದರು. ಜಪ್ತಿಯಾದ ಗಂಟೆಗಳು ಮಾತ್ರ ಕೋರ್ಟಿನ ಅಪ್ಪಣೆ ಬರುವವರೆಗೆ ಠಾಣೆಯಲ್ಲೇ ಇರಬೇಕು.

“ಮೊಟ್ಟೆಗೆ ಇನ್ನೆಷ್ಟು ದಿನ?” ಎಂದು ಇನ್ಸ್‌ಪೆಕ್ಟರ್ ಆರೋಪಿಯನ್ನು ಕೇಳಿದರು.

“ಹತ್ತು, ಸಾರ್.”

“ಕೋರ್ಟಿಗೂ ಅಷ್ಟಾದರೂ ಬೇಕಾಗುತ್ತೆ.”

ಅಲ್ಲಿಯವರೆಗೆ ಎಮ್ಮೆಗಳನ್ನು ದಕ್ಷಿಣದ ಗಟ್ಟಿ ನೆಲದಲ್ಲೇ ಮೇಯಿಸುವುದಾಗಿ ಅಕ್ಕ ಒಪ್ಪಿದರು. ಕೃತ್ಯದ ಕಾರಣ ಬರೆಯುವ ಕಡೆ ಇನ್ಸ್‌ಪೆಕ್ಟರ್ ‘ಉಳಿದಿದ್ದ ಒಂದು ಮೊಟ್ಟೆ’ ಎಂದು ಬರೆದು ಕಡತ ಮುಚ್ಚಿದರು.

ಅಕ್ಕ ತಮ್ಮ ಹೊರಬಂದಾಗ ಎದುರಿನ ಚಹಾ ಅಂಗಡಿಯವನು ಕಳ್ಳ ಸಿಕ್ಕಿದನೇ ಎಂದು ಕೂಗಿ ಕೇಳಿದ. ಅಕ್ಕ ಬಾಯಿ ತೆರೆದರು, ತಮ್ಮನ ಮುಖ ನೋಡಿದರು.

“ತನಿಖೆ ನಡೀತಾ ಇದೆ,” ಎಂದಷ್ಟೇ ಹೇಳಿ, ಅವನ ತೋಳು ಹಿಡಿದು ಬಿರಬಿರನೆ ನಡೆದರು.