ಡ್ರಾಯರಿನಲ್ಲಿದ್ದ ರೆಗ್ಯುಲೇಟರ್

“ಮಿಸ್ತ್ರಿ ಸಾಹೇಬ್ರೇ, ನಿಮ್ಮ ಪೇಷೆಂಟ್ ಮತ್ತೆ ಮಲಗಿದೆ!”

ಅಪ್ಪನ ಕಾಲದ ಬೈಕನ್ನು ತಳ್ಳಿಕೊಂಡು ಟೀಚರ್ ಗ್ಯಾರೇಜಿನೊಳಗೆ ಬಂದಳು. ತಮಾಷೆ ಹಳೆಯದೇ, ಮುಖ ಮಾತ್ರ ಹಳೆಯದಲ್ಲ. ಅಮ್ಮನನ್ನು ಕಳೆದುಕೊಂಡು ಮೂರು ವಾರವಾಗಿತ್ತು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮಿಸ್ತ್ರಿ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

“ತಂಗಿ ಊರಲ್ಲಿ ಕೆಲಸ ಸಿಕ್ಕಿದೆ. ಇವತ್ತೇ ಹೊರಟೆ, ಇದರಲ್ಲೇ. ದಾರೀಲಿ ಕೈಕೊಡಬಾರದು ನೋಡಿ.”

“ವಾಪಸ್ ಯಾವಾಗ?”

“ಇಲ್ಲಿ ನನಗೆ ಇನ್ಯಾರಿದಾರೆ?” ಎಂದು ಅವನನ್ನೊಮ್ಮೆ ನೋಡಿ, ತಟ್ಟನೆ ಮುಖ ತಿರುಗಿಸಿದಳು.

ಅಯ್ಯೋ, ಆ ನೋಟ! ನಾಲ್ಕು ತಿಂಗಳಿಂದ ಅದಕ್ಕಾಗಿಯೇ ಈ ಪುಣ್ಯಾತ್ಮ ಮಾಡಬಾರದ್ದು ಮಾಡಿದ್ದ. ಕೆಟ್ಟಿರುವುದು, ಗಾಡಿ ಓಡುವಾಗ ಬ್ಯಾಟರಿಗೆ ಹದವಾಗಿ ಚಾರ್ಜ್ ಕೊಡುವ ರೆಗ್ಯುಲೇಟರ್ ಎಂದು ಮೊದಲ ದಿನವೇ ಗೊತ್ತಾಗಿತ್ತು. ಹೊಸದನ್ನು ತರಿಸಿಯೂ ಇದ್ದ. ಹಾಕಿದರೆ ಅವಳು ಬರುವುದು ನಿಂತುಹೋಗುತ್ತದಲ್ಲ ಎಂದು ಡ್ರಾಯರಿನಲ್ಲಿಟ್ಟು, ಪ್ರತಿ ಸಲ ಬ್ಯಾಟರಿ ಚಾರ್ಜ್ ಮಾಡಿ ಮಾತ್ರ ಕಳಿಸುತ್ತಿದ್ದ. ಹತ್ತು ದಿನಕ್ಕೆ ಬ್ಯಾಟರಿ ಸಾಯುತ್ತಿತ್ತು, ಅವಳು ನಗುತ್ತಾ ಬರುತ್ತಿದ್ದಳು.

ಆಸ್ಪತ್ರೆಯಿಂದ ಫೋನ್ ಬಂದ ಮಧ್ಯಾಹ್ನವೂ ಅದು ಸತ್ತಿತ್ತು. ಅವಳು ತಲುಪುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದರು.

ಮಿಸ್ತ್ರಿ ಡ್ರಾಯರ್ ಎಳೆದ. ಹೊಸ ರೆಗ್ಯುಲೇಟರ್ ಕೂರಿಸಿ, ಚಾರ್ಜ್ ತುಂಬಿದ ಬ್ಯಾಟರಿ ಇಟ್ಟ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹೊಗೆ ಹೋಗಲೆಂದು ಶಟರ್ ಪೂರ್ತಿ ಎತ್ತಿದ. ಸ್ಟಾರ್ಟ್ ಮಾಡಿ, ವೋಲ್ಟ್ ಮೀಟರಿನ ಎರಡು ವೈರುಗಳನ್ನು ಬ್ಯಾಟರಿಗೆ ಹಿಡಿದು ಕೂತ.

“ನ್ಯೂಟ್ರಲ್ ಇದೆ ತಾನೆ? ಬ್ಯಾಗಿನ ಪಟ್ಟಿ ಚಕ್ರದ ಕಡೆ ಬರಬಾರದು, ಕಾಲು ಸೈಲೆನ್ಸರಿಗೆ ತಾಗಬಾರದು. ಈಗ ರೇಸ್ ಕೊಡಿ, ಮೆಲ್ಲಗೆ.”

“ಹೋಂವರ್ಕ್ ಮಾಡದವರ ಕಿವಿ ಹಿಂಡೋ ಹಾಗಾ?”

“ಅದಕ್ಕಿಂತ ಮೆಲ್ಲಗೆ. ಹಳೇ ಎಂಜಿನ್ನು, ಒಂದೇ ಸಲ ಕೂಗಿಸಬಾರದು.”

ಹನ್ನೆರಡೂವರೆ ವೋಲ್ಟ್. ಹದಿಮೂರು. ಹದಿನಾಲ್ಕು ದಾಟಿ ಅಂಕಿ ನಿಂತಿತು. ಹದಿನೈದು ದಾಟಿದರೆ ಬ್ಯಾಟರಿಗೆ ಅಪಾಯ, ಆದರೆ ಅವಳು ಇನ್ನಷ್ಟು ರೇಸ್ ಕೊಟ್ಟರೂ ಅದು ಏರಲಿಲ್ಲ.

“ಬಿಡಿ. ಸರಿಯಾಯ್ತು.”

“ಅರ್ಧ ಗಂಟೆ ಕೆಲಸ! ಇಷ್ಟು ದಿನ ಯಾಕೆ ಆಗಲಿಲ್ಲ?”

ಪಾರ್ಟ್ ಸಿಕ್ಕಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ಒಳ್ಳೆಯವನೆಂದು ನೆನೆಯುತ್ತಾ ಹೋಗುತ್ತಿದ್ದಳು. ಅವನಿಗೆ ಉಳಿದಿದ್ದೂ ಅದೊಂದೇ.

“ಪಾರ್ಟ್ ಇತ್ತು ಟೀಚರ್, ಮೊದಲಿಂದಾನೂ ಇತ್ತು. ಹಾಕಿದ್ರೆ ನೀವು ಬರಲ್ಲ ಅಂತ… ನಿಮ್ಮನ್ನ ನೋಡದೆ ಇರೋಕಾಗ್ತಿರಲಿಲ್ಲ. ಅವತ್ತು ಗಾಡಿ ನಿಂತಿದ್ದು ನನ್ನಿಂದ.”

ಎಂಜಿನ್ನು ತನ್ನ ಪಾಡಿಗೆ ಓಡುತ್ತಿತ್ತು. ಅವಳು ಹ್ಯಾಂಡಲಿನಿಂದ ಕೈ ತೆಗೆದಳು.

“ಅಮ್ಮ ಕೊನೇವರೆಗೂ ಬಾಗಿಲ ಕಡೇನೇ ನೋಡ್ತಿದ್ರಂತೆ.”

ಅವನು ತಲೆ ಎತ್ತದೆ ಮೀಟರಿನ ವೈರುಗಳನ್ನು ಬ್ಯಾಟರಿಯಿಂದ ತೆಗೆದ.

ಅವಳು ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿದಳು. ಎಂದೂ ಬಹುವಚನ ಬಿಡದವಳು ಅಂದು ಬಿಟ್ಟಳು.

“ಪೆದ್ದ ಕಣೋ ನೀನು. ಗಾಡಿ ಸರಿಯಿದ್ದಿದ್ರೂ ಬರ್ತಿದ್ದೆ. ಬಾ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು.”

ತುಂಬಿದ ಕಣ್ಣಿನ ಮೇಲೆಯೇ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದಳು. ತಿರುವಿನಲ್ಲಾದರೂ ಎಂಜಿನ್ನು ಒಮ್ಮೆ ಕೆಮ್ಮಲಿ ಎಂದು ಮಿಸ್ತ್ರಿ ಶಟರಿನ ಕೆಳಗೆ ಕಿವಿಗೊಟ್ಟು ನಿಂತ. ಕೆಮ್ಮಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದ.