ನಲವತ್ತೊಂದು ಬಾಗಿಲು

"ಈ ನಲವತ್ತೊಂದು ಜನ ಎಲ್ಲಿ ಹೋದ್ರು?"

ಸಭಾಂಗಣದ ಕೊನೆಯ ಸಾಲಿನಿಂದ ಬಂತು ಆ ಪ್ರಶ್ನೆ. ಪರದೆಯ ಮುಂದೆ ನಿಂತಿದ್ದ ಅವಳ ಮಾತು ಅರ್ಧಕ್ಕೇ ನಿಂತಿತು.

ಐದು ತಿಂಗಳು! ಕಾರ್ಮಿಕರ ವಸತಿಗಳ ಮೆಟ್ಟಿಲು ಹತ್ತಿ ಇಳಿದು, ಸಾವಿರದ ಇನ್ನೂರು ಗರ್ಭಿಣಿಯರನ್ನು ಮಾತನಾಡಿಸಿ ಸಿದ್ಧಪಡಿಸಿದ ವರದಿ ಅದು. ಸಂಶೋಧನಾ ಸಂಸ್ಥೆಯಲ್ಲಿ ಅವಳ ಮೊದಲ ದೊಡ್ಡ ಕೆಲಸ. ಎಲ್ಲರೂ ತಲೆದೂಗುತ್ತಿದ್ದರು... ಈ ಒಬ್ಬ ಮನುಷ್ಯನನ್ನು ಬಿಟ್ಟು!

"ಅವರು ಆರೋಗ್ಯ ಕೇಂದ್ರಕ್ಕೆ ಒಂದೇ ಸಲ ಬಂದೋರು. ಆಮೇಲೆ ಬರ್ಲಿಲ್ಲ. ಮಾಹಿತಿ ಸಿಗ್ಲಿಲ್ಲ ಅಂತ ಕೆಳಗೆ ಬರ್ದಿದೀನಲ್ಲ," ಎಂದಳು.

"ಬಂದೋರ ಕಷ್ಟ ಗೊತ್ತಾಯ್ತು. ಬರೋಕೇ ಆಗದೇ ಇದ್ದೋರ ಕಷ್ಟ?"

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವಳಿಗೆ ಇನ್ನಷ್ಟು ಮೈ ಉರಿದದ್ದು ಅದಕ್ಕೇ. ಅವನು ಕೇಳಿದ್ದು ಸರಿಯಾಗಿಯೇ ಇತ್ತು!

ಅವನು ಅಂಕಿಅಂಶ ವಿಭಾಗಕ್ಕೆ ಆ ವಾರವಷ್ಟೇ ಸೇರಿದ್ದ. ಸಂಜೆಯಾಗುವಷ್ಟರಲ್ಲಿ ಅವಳು ಅವನಿಗೆ 'ಲೆಕ್ಕದ ಮೇಷ್ಟ್ರು' ಎಂದು ಹೆಸರಿಟ್ಟು, ಅದನ್ನು ಇಡೀ ಸಂಸ್ಥೆಗೆ ಹಂಚಿಯೂ ಆಗಿತ್ತು. ಆದರೆ ಮರುದಿನ ನಿರ್ದೇಶಕಿ ಮೇಡಂ ಇಬ್ಬರನ್ನೂ ಕರೆದರು.

"ಆ ನಲವತ್ತೊಂದು ಜನರನ್ನ ಹುಡುಕಿ. ಇಬ್ರೂ ಒಟ್ಟಿಗೆ ಹೋಗಿ."

'ಇವನ ಜೊತೆಗಾ? ನನ್ನ ಗ್ರಹಚಾರ!' ಎಂದುಕೊಂಡಳು.

ಮೊದಲ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟು ಎಷ್ಟು ಕಾಲವಾಗಿತ್ತೋ! ಮೇಷ್ಟ್ರು ಏದುಸಿರು ಬಿಡುತ್ತಾ ಹತ್ತುವುದನ್ನು ನೋಡಿ ಅವಳಿಗೆ ಒಳಗೊಳಗೇ ಖುಷಿ.

ಬಾಗಿಲು ತೆರೆದ ಹೆಂಗಸು ಮತ್ತೆ ಅಂಗಿಗಳ ರಾಶಿಯ ನಡುವೆ ಕೂತು ಗುಂಡಿ ಹೊಲಿಯತೊಡಗಿದಳು. ಅವನು ಶೂ ಬಿಚ್ಚಿಟ್ಟು ನೆಲದ ಮೇಲೆ ಕೂತ. ಟಿಪ್ಪಣಿ ಪುಸ್ತಕ ತೆರೆಯಲಿಲ್ಲ. ಪಕ್ಕದಲ್ಲಿದ್ದ ಸೂಜಿಗಳನ್ನು ಎತ್ತಿಕೊಂಡು ಒಂದೊಂದಕ್ಕೂ ದಾರ ಪೋಣಿಸಿ ಕೊಡತೊಡಗಿದ!

"ನಾವು ಮಾತಾಡಿಸ್ತಾ ಕೂತ್ರೆ ಅವರ ಕೆಲಸ ನಿಲ್ಲುತ್ತೆ..." ಎಂದು ಅವಳಿಗೆ ಮೆಲ್ಲಗೆ ಹೇಳಿದ.

ಅವಳೂ ಒಂದು ಸೂಜಿ ಎತ್ತಿಕೊಂಡಳು. ಐದು ತಿಂಗಳಲ್ಲಿ ತನಗಿದು ಹೊಳೆದಿರಲಿಲ್ಲವಲ್ಲ!

ಸೂಜಿ ನಿಲ್ಲಿಸದೆಯೇ ಆ ಹೆಂಗಸು ಹೇಳಿದಳು, "ಕೇಂದ್ರ ಮುಚ್ಚೋದು ಒಂದು ಗಂಟೆಗೆ. ಆಗ ನಾನು ಫ್ಯಾಕ್ಟರಿಗೆ ಹೋಗ್ತಿದ್ದೆ, ಬಿಡ್ತಿದ್ದದ್ದು ನಾಲ್ಕಕ್ಕೆ. ಒಂದ್ಸಲ ರಜೆ ಹಾಕಿ ತೋರಿಸ್ಕೊಂಡೆ, ಆಮೇಲೆ ಹೋದಾಗೆಲ್ಲ ಬೀಗ ನೋಡ್ಕೊಂಡು ವಾಪಸ್ ಬಂದೆ ಕಣಮ್ಮ. ಏಳನೇ ತಿಂಗಳಲ್ಲಿ ಕಾಲು ಊದ್ಕೊಂತು, ತಲೆ ಸಿಡೀತಿತ್ತು... ಕೂಸು ಉಳೀಲಿಲ್ಲ."

ಇಳಿಯುವಾಗ ಎರಡನೇ ಮಹಡಿಯಲ್ಲಿ ಅವನು ನಿಂತುಬಿಟ್ಟ. ಗೋಡೆಯ ಕಡೆ ಮುಖ ಮಾಡಿ ಕನ್ನಡಕ ಒರೆಸಿದ. ಮತ್ತೆ ಒರೆಸಿದ. ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ಕಾದಳು, ಅಷ್ಟೇ.

ಆರು ವಾರ ಹೀಗೇ ನಡೆಯಿತು. ಅವಳಿಗೆ ಜನರನ್ನು ಮಾತಿಗೆಳೆಯುವುದು ನೀರು ಕುಡಿದಷ್ಟು ಸಲೀಸು, ಅವನಿಗೆ ಕೇಳಿಸಿಕೊಳ್ಳುವುದು. ಬಾಗಿಲು ತೆರೆಯದ ಅತ್ತೆಯರನ್ನು ಅವಳು ನಗಿಸಿಯೇ ಒಳಗೆ ಹೋಗುವುದನ್ನು ಅವನು ಕಣ್ಣರಳಿಸಿ ನೋಡುತ್ತಿದ್ದ. ಮೂವರು ಊರೇ ಬಿಟ್ಟಿದ್ದರು. ಮೂವತ್ತೆಂಟು ಮಂದಿ ಸಿಕ್ಕರು.

ಒಂದು ಮಧ್ಯಾಹ್ನ ದಾರಿಯಲ್ಲೇ ಇದ್ದ ತನ್ನ ಮನೆಗೆ ಊಟಕ್ಕೆ ಕರೆದೊಯ್ದಳು. ಅಮ್ಮ ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು.

"ಇವಳು ಹೊಟ್ಟೇಲಿದ್ದಾಗ ನಾನೂ ಅಷ್ಟೇ ಕಣಪ್ಪ, ಆಸ್ಪತ್ರೆ ಬೀಗಾನೇ ನೋಡಿದ್ದು! ಇವಳದು ಗಟ್ಟಿ ಜೀವ, ಬದುಕ್ಕೊಂಡ್ಳು," ಎಂದು ಅಮ್ಮ ನಕ್ಕಳು.

ಅವನು ತಟ್ಟೆಯಿಂದ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟಕ್ಕೆ ಅವಳ ಕೆನ್ನೆ ಬೆಚ್ಚಗಾಯಿತು...

ಎಲ್ಲ ಸರಿಯಿತ್ತು. ಆರೋಗ್ಯ ಇಲಾಖೆಯಲ್ಲಿ ವರದಿ ಮಂಡಿಸುವ ಹಿಂದಿನ ದಿನದವರೆಗೆ!

ಅಂದು ಗುಮಾಸ್ತರು ಅಚ್ಚಾಗಿ ಬಂದ ಪರಿವಿಡಿಯ ಹಾಳೆ ತಂದುಕೊಟ್ಟರು. ಆ ಹೆಂಗಸರ ಮಾತುಗಳಿದ್ದ ಆರನೇ ಅಧ್ಯಾಯ ಅದರಲ್ಲಿ ಇರಲಿಲ್ಲ.

"ಇಲಾಖೆಯೋರು ಬರೀ ಅಂಕಿ ಸಾಕು ಅಂದ್ರಂತೆ. ಮೇಷ್ಟ್ರೇ ಅಲ್ಲಿಂದ ತೆಗೆಸಿದ್ರು," ಎಂದರು ಗುಮಾಸ್ತರು.

ಅವಳು ನೇರ ಅವನ ಕೋಣೆಗೆ ನುಗ್ಗಿದಳು.

"ನೀವೂ ಅಷ್ಟೇನಾ? ಆ ಹೆಂಗಸಿನ ಮುಂದೆ ಕೂತು ದಾರ ಪೋಣಿಸಿದ್ದೆಲ್ಲ ನಾಟಕನಾ?"

"ಒಂದ್ನಿಮಿಷ ಕೇಳಿ, ನಾನು..."

"ಏನೂ ಕೇಳಲ್ಲ! ನಾಳೆ ನೀವೇ ಓದ್ಕೊಳ್ಳಿ ನಿಮ್ಮ ಅಂಕಿಗಳನ್ನ!"

ಮನೆಗೆ ಬಂದು ಫೋನ್ ಆರಿಸಿ ಅತ್ತಳು. 'ಇಂಥವನನ್ನ... ಇಂಥವನನ್ನ ನಾನು ಇಷ್ಟಪಟ್ಟೆನಲ್ಲ!'

ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳದಿದ್ದಾಗ ಅಮ್ಮನೇ ಹೊದಿಕೆ ಎಳೆದಳು.

"ನಿನ್ನ ಕೋಪ ಆಮೇಲೆ. ಅದು ಆ ಹೆಣ್ಮಕ್ಕಳ ಕೆಲ್ಸ. ಏಳು, ಹೋಗು!"

ಅವಳು ಇಲಾಖೆಯ ಸಭೆಗೆ ತಡವಾಗಿ ಹೋಗಿ ಬಾಗಿಲ ಬಳಿ ಕೂತಳು. ಅವನು ಎದ್ದು ನಿಂತ. ಮೊದಲ ಪುಟ ತೆರೆದ.

"ಹೋದಾಗೆಲ್ಲ ಬೀಗ ನೋಡ್ಕೊಂಡು ವಾಪಸ್ ಬಂದೆ ಕಣಮ್ಮ..."

ಅವಳು ಕುರ್ಚಿಯ ತುದಿಗೆ ಸರಿದಳು. ಗುಂಡಿ ಹೊಲಿಯುವವಳ ಮಾತು! ಒಂದಕ್ಷರವೂ ಬದಲಾಗಿರಲಿಲ್ಲ!

"ಅಂಕಿ ಹೇಳ್ರೀ, ಇದೆಲ್ಲ ಯಾಕೆ?" ಎಂದು ಅಧಿಕಾರಿ ಗೊಣಗಿದರು.

"ಅಂಕಿ ಮುಂದಿಟ್ರೆ ನೀವು ಅಲ್ಲಿಗೇ ಮುಚ್ಚಿಡ್ತೀರ ಸರ್. ಅದಕ್ಕೇ ಆರನೇ ಅಧ್ಯಾಯಾನ ಮುನ್ನುಡಿ ಮಾಡಿದೀನಿ. ಇದನ್ನ ದಾಟದೆ ಯಾರಿಗೂ ಕೋಷ್ಟಕ ಸಿಗಲ್ಲ." ಅವನ ಕಣ್ಣು ಬಾಗಿಲ ಕಡೆ ತಿರುಗಿತು. "ಉಳಿದಿದ್ದನ್ನ ಅವರು ಹೇಳ್ಬೇಕು. ಆ ಬಾಗಿಲುಗಳು ತೆರೆದದ್ದು ಅವರಿಗೆ."

ಅವಳು ಎದ್ದು ಮುಂದೆ ಹೋದಳು. ಮೊದಲೆರಡು ವಾಕ್ಯ ನಡುಗಿದವು. ಆಮೇಲೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ! ಮೂವತ್ತೆಂಟು ಮಂದಿಯ ಮಾತನ್ನೂ ಹೇಳಿದಳು. ಸಿಗದೇ ಹೋದ ಮೂವರನ್ನೂ ನೆನೆದಳು.

ಅಧಿಕಾರಿ ಮುನ್ನುಡಿಯ ಪುಟಗಳನ್ನು ಮತ್ತೊಮ್ಮೆ ತಿರುವಿ ನೋಡಿ ಹೇಳಿದರು, "ನಾಲ್ಕು ಕೇಂದ್ರ ಸಂಜೆ ಎಂಟರ ತನಕ ತೆಗೆದಿರ್ಲಿ. ಮುಂದಿನ ತಿಂಗಳಿಂದಲೇ."

ಹೊರಗೆ ಪಡಸಾಲೆಯಲ್ಲಿ ಇಬ್ಬರೇ.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಿಟ್ರಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಕ್ಷಮಿಸಿ... ಏನೇನೋ ಅಂದ್ಬಿಟ್ಟೆ."

"ನಿಮ್ಮನ್ನ ಕೇಳ್ದೆ ಬದಲಾಯಿಸಿದ್ದು ನನ್ನದೂ ತಪ್ಪೇ." ಅವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. "ಇನ್ನೊಂದು ಮಾತಿದೆ... ನಿಮ್ಮ ಜೊತೆ ಹತ್ತುವಾಗ, ಇನ್ನೊಂದೆರಡು ಮಹಡಿ ಇರ್ಬಾರ್ದಾ ಅನ್ಸೋದು. ಏದುಸಿರು ಬಂದ್ರೂ..."

ಅವಳು ತುಟಿ ಕಚ್ಚಿ ನಗು ತಡೆದಳು. "ನಂಗೂ ಅನ್ಸೋದು."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಿಮ್ಮನ್ನ... 'ನೀನು' ಅಂತ ಕರೀಬಹುದಾ?"

"ಕರೀರಿ."

"'ಕರೀರಿ' ಅಂತಾರಾ ಅದಕ್ಕೆ?"

ಅವಳು ತಲೆ ತಗ್ಗಿಸಿದಳು. ಆಮೇಲೆ ಮುಖವೆತ್ತಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆತ್ತಗೆ ಹೇಳಿದಳು.

"ಕರಿಯೋ..."